ಅಣ್ಣಪ್ಪನವರ ಎರಡು ಬೆರಳು

ಅಣ್ಣಪ್ಪನವರು ನಲವತ್ತೆರಡು ವರ್ಷ ಕರದಂಟು ಮಾಡಿದರು. ಒಲೆಯ ಮುಂದೆ ಒಮ್ಮೆಯೂ ರುಚಿ ನೋಡಿದವರಲ್ಲ. ಮಗ್ಗುಲಲ್ಲಿ ತಣ್ಣೀರಿನ ಬಟ್ಟಲು ಇರುತ್ತಿತ್ತು. ಎರಡು ಬೆರಳು ಅದರಲ್ಲಿ ಅದ್ದಿ, ಸೌಟಿನಲ್ಲೆತ್ತಿದ ಕುದಿಯುವ ಬೆಲ್ಲದ ಪಾಕವನ್ನು ಚಿವುಟಿ, ಮತ್ತೆ ನೀರಿಗಿಳಿಸಿ ಹೊಸಕಿ ನೋಡುವರು. ಎಲ್ಲ ಸೇರಿ ಎರಡು ಸೆಕೆಂಡು. "ಪಾಕ ನಾಲಿಗಿಗೆ ಸುಳ್ಳ ಹೇಳತೈತಿ. ಬೆರಳಿಗೆ ಹೇಳಾಕ ಬರೂದಿಲ್ಲ" ಎನ್ನುವರು.

ಗೋಕಾಕದ ಪೇಟೆಯಲ್ಲಿ ಅವರದು ಒಂದೇ ಬಾಗಿಲಿನ ಅಂಗಡಿ. ದಶಕಗಳ ಕಾಲ ಸೌಟು ತಿರುವಿ ಬಲಭುಜ ಎಡಭುಜಕ್ಕಿಂತ ಮೇಲೆದ್ದಿತ್ತು. ನಡೆಯುವಾಗ ಆ ಭುಜವೇ ಮುಂದೆ, ಉಳಿದ ಮೈ ಹಿಂದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತಾಗ ಕಂದು ಬಣ್ಣದ ಕೋಟು. ಒಲೆಗೆ ಹೋಗುವಾಗ ಅದನ್ನು ಕಳಚಿ ಮೊಳೆಗೆ ತೂಗುಹಾಕಿ, ತೋಳು ಮಡಚುವರು. ಆಮೇಲೆ ಯಾರೂ ಅವರನ್ನು ಮಾತಾಡಿಸಬಾರದು.

ಸೊಸೆ ದಾನೇಶ್ವರಿ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮದುವೆಯಾಗಿ ಬಂದ ಹೊಸದರಲ್ಲಿ ಥರ್ಮಾಮೀಟರು ಹಿಡಿದು ಮಾವನ ಬೆರಳನ್ನೇ ಪರೀಕ್ಷೆಗೆ ಒಡ್ಡಿದ್ದಳು. ಮೂವತ್ತು ದಿನ, ಮೂವತ್ತು ಪಾಕ; ಅವರು ಹದ ಎಂದಾಗಿನ ಶಾಖದಲ್ಲಿ ಅಂತರ ಎರಡು ಡಿಗ್ರಿ ದಾಟಲಿಲ್ಲ. ಅವಳು ಥರ್ಮಾಮೀಟರನ್ನು ಪೆಟ್ಟಿಗೆಯಲ್ಲಿಟ್ಟು ಮಾವನಿಗೆ ನಮಸ್ಕರಿಸಿದಳು.

ಕಳೆದೆರಡು ವರ್ಷಗಳಿಂದ ಕರದಂಟು ಕೆಡತೊಡಗಿತ್ತು. ಒಂದು ದಿನ ಕಲ್ಲು, ಇನ್ನೊಂದು ದಿನ ಹಲ್ಲಿಗಂಟುವ ಮೇಣ. ಅಣ್ಣಪ್ಪನವರು ಮೊದಲು ಬೆಲ್ಲವನ್ನು ದೂರಿ ವ್ಯಾಪಾರಿಯನ್ನು ಬದಲಿಸಿದರು. ಆಮೇಲೆ ಬೆಂಕಿಯನ್ನು ದೂರಿದರು. ಬೆಂಕಿ ನೋಡುತ್ತಿದ್ದವನು ಮಸಗುಪ್ಪಿಯ ಶ್ರೀಶೈಲ, ಹತ್ತೊಂಬತ್ತು ವರ್ಷ ಅದೇ ಒಲೆಯ ಬದಿಗೆ ನಿಂತವನು. ಗಿರಾಕಿಗಳ ಎದುರಿಗೇ, "ನಿನಗ ಬೆಂಕಿ ತಿಳ್ಯೂದಿಲ್ಲ. ಎಮ್ಮಿ ಕಾಯಾಕ ಹೋಗು" ಎಂದರು. ಅವನು ಅಂದೇ ಕೆಲಸ ಬಿಟ್ಟು ಹೋದ. ಆಗಲೂ ಪಾಕ ಸುಧಾರಿಸಲಿಲ್ಲ. ದಾನೇಶ್ವರಿ ಥರ್ಮಾಮೀಟರನ್ನು ಹೊರತೆಗೆಯಬಹುದಿತ್ತು. ಒಮ್ಮೆ ಸಿದ್ಧವಾದುದನ್ನು ಮತ್ತೆ ಅಳೆದರೆ ಮಾವನಿಗೆ ಅವಮಾನ ಎಂದುಕೊಂಡು ಸುಮ್ಮನಿದ್ದಳು.

ಗಿರಾಕಿ ಕಡಿಮೆಯಾದಾಗ ಅವಳೇ ಚಾಕೊಲೇಟಿನ ಯೋಚನೆ ತೆಗೆದಳು. ಒಂದು ಸಂಜೆ ಹದಿನಾಲ್ಕು ಜನ ಹಳೆಯ ಗಿರಾಕಿಗಳನ್ನು ಕರೆದು, ಅವರ ಕಣ್ಣೆದುರೇ ಚಾಕೊಲೇಟು ಕರಗಿಸಿ, ಕರದಂಟಿಗೆ ಹಾಕುವ ಹುರಿದ ಅಂಟು, ಕೊಬ್ಬರಿ, ಗೋಡಂಬಿಯನ್ನೇ ಬೆರೆಸಿ ರುಚಿ ತೋರಿಸುವುದು. ಅವರಿಗೆ ಹಿಡಿಸಿದರೆ ಒಲೆ ಆರಿಸಿ ಚಾಕೊಲೇಟಿನ ಕೆಲಸವನ್ನೇ ಹಿಡಿಯುವುದು ಎಂದು ಅವಳ ಗಂಡ ಬಾಳೇಶ ತೀರ್ಮಾನಿಸಿದ್ದ. ಅಣ್ಣಪ್ಪನವರಿಗೆ ಇದು ಗೊತ್ತಿತ್ತು. ಚಾಕೊಲೇಟಿಗೆ ನೀರು ತಾಕಬಾರದೆಂದು ಸೊಸೆ ಹೇಳಿದಾಗ ಹೂಂಗುಟ್ಟಿದರು.

ಮೊದಲ ತಟ್ಟೆ ಖಾಲಿಯಾಯಿತು. ಎಲ್ಲರೂ ಹೊಗಳಿದರು. ದಾನೇಶ್ವರಿ ಎರಡನೆಯ ತಟ್ಟೆ ಜೋಡಿಸುತ್ತಿದ್ದಾಗ ಮಾವ ಕೋಟು ಕಳಚಿ ತೋಳು ಮಡಚಿದ್ದು ಅವಳಿಗೆ ಕಾಣಲಿಲ್ಲ. ಬೆರಳು ನೀರಿಗೆ ಅದ್ದಿದರು, ಕರಗಿದ ಚಾಕೊಲೇಟಿಗೆ ಇಳಿಸಿದರು. ಹದ ತಿಳಿಯದೆ ಮತ್ತೊಮ್ಮೆ, ಇನ್ನೊಮ್ಮೆ. ಚಾಕೊಲೇಟೆಂದರೆ ಕೊಬ್ಬಿನಲ್ಲಿ ತೇಲುವ ಒಣ ಪುಡಿ; ಒಂದಿಷ್ಟು ನೀರು ಸಿಕ್ಕರೂ ಆ ಪುಡಿ ಒಂದಕ್ಕೊಂದು ಅಂಟಿಬಿಡುತ್ತದೆ. ಹೊಳೆಯುತ್ತಿದ್ದ ರಸ ನೋಡನೋಡುತ್ತ ಮಂಕಾಗಿ, ಹೆಂಟೆಗಟ್ಟಿತು.

ಗಿರಾಕಿಗಳಲ್ಲೊಬ್ಬ, ಕೌಜಲಗಿಯ ಮಾಲಿಂಗಪ್ಪ ಇಣುಕಿ ನೋಡಿದ. "ಅಣ್ಣಪ್ಪ ಕಾಕಾ, ಇದು ಚಾಕೊಲೇಟೋ, ನಮ್ಮ ಹೊಲದ ಎರಿ ಮಣ್ಣೋ?"

"ನಿನ್ನ ಹೊಲದಾಗ ಇಷ್ಟ ಛಲೋ ಮಣ್ಣ ಎಲ್ಲೈತೋ ಮಗನ?"

ಎಲ್ಲರೂ ನಕ್ಕರು. ದಾನೇಶ್ವರಿ ತಿರುಗಿ ನೋಡಿದಳು.

"ಮಾವಾರ, ನೀರ ಹಾಕಬ್ಯಾಡ್ರಿ ಅಂದಿದ್ದೆ."

"ನೀರ ಎಲ್ಲಿ ಹಾಕೇನವ್ವಾ? ಬೆರಳಷ್ಟ ತೋಯಿಸೇನಿ."

ಅವಳು ನಗಲೆತ್ನಿಸುತ್ತ ಒಣ ಬಟ್ಟೆಯಿಂದ ಅವರ ಕೈ ಒರೆಸಿದಳು. ಚಾಕೊಲೇಟು ಹೋದಲ್ಲಿ ಚರ್ಮ ಕಂಡಿತು. ಎರಡೂ ಬೆರಳ ತುದಿ ಬೊಬ್ಬೆಯೆದ್ದಿತ್ತು. ಒಂದು ಒಡೆದು ಕೆಂಪು ಮಾಂಸ ಕಾಣುತ್ತಿತ್ತು. ಒರೆಸುವಾಗ ಆ ಕೈ ಅಲುಗಲೂ ಇಲ್ಲ.

"ಇದು ಯಾವಾಗ್ರಿ?" ದನಿ ತಗ್ಗಿಸಿ ಕೇಳಿದಳು.

ಬೇರೆ ಯಾರದೋ ಕೈ ಎಂಬಂತೆ ಅವರು ನೋಡಿದರು. "ಮುಂಜಾನಿ ಪಾಕದಾಗ ಇರಬೇಕು."

"ಉರೀಲಿಲ್ಲೇನ್ರಿ?"

ಮಾಲಿಂಗಪ್ಪ ಇನ್ನೊಂದು ಜೋಕು ಹೇಳುತ್ತಿದ್ದ. ಆ ನಗೆಯ ಮರೆಯಲ್ಲಿ ಅಣ್ಣಪ್ಪನವರು ಅವಳಿಗಷ್ಟೇ ಕೇಳುವಂತೆ ಹೇಳಿದರು: "ಎರಡ ವರ್ಷಾತವ್ವಾ. ಸಕ್ಕರಿ ಬ್ಯಾನಿ. ಬೆರಳಿಗೆ ಏನೂ ತಿಳೀವಲ್ದು." ಆಮೇಲೆ, ಅವಳು ಕೇಳದಿದ್ದುದಕ್ಕೂ ಉತ್ತರ ಕೊಟ್ಟರು: "ಶ್ರೀಶೈಲನ ಬೆಂಕಿ ಬರೋಬ್ಬರಿನ ಇತ್ತು. ನನಗ ಗೊತ್ತಿತ್ತು."

ಮರುದಿನ ದಾನೇಶ್ವರಿ ಶ್ರೀಶೈಲನಿಗೆ ಫೋನು ಮಾಡಿದಳು. ಅವನು ಯಮಕನಮರಡಿಯ ಹೆದ್ದಾರಿಯ ಢಾಬಾದಲ್ಲಿ ತಟ್ಟೆ ತೊಳೆಯುತ್ತಿದ್ದ. "ಅಕ್ಕಾರ, ಅಷ್ಟ ಮಂದಿ ಮುಂದ ಅಂದಾರ. ಅಷ್ಟ ಮಂದಿ ಮುಂದ ಅವರ ಬಂದು ಕರೀಲಿ" ಎಂದ. ಅಣ್ಣಪ್ಪನವರು ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ಮೂರು ಸಲ ಬಸ್ ಸ್ಟ್ಯಾಂಡಿನವರೆಗೆ ಹೋದರು. ಮೂರು ಸಲವೂ ಹಿಂದಿರುಗಿದರು. ಒಮ್ಮೆ ಬಸ್ಸು ತುಂಬಿತ್ತಂತೆ, ಒಮ್ಮೆ ತಲೆ ತಿರುಗಿತಂತೆ. ಮೂರನೆಯ ಸಲದ ಕಾರಣವನ್ನು ಅವಳು ಕೇಳಲಿಲ್ಲ. ಒಲೆ ಆರಿತು. ಚಾಕೊಲೇಟಿಗೆ ಗಿರಾಕಿ ಇದ್ದಾರೆ.

ಮೈಯಲ್ಲೇ ವಿದ್ಯೆ ಇಟ್ಟುಕೊಂಡವರ ಪಾಡು ಇದು. ಅವರ ಬಳಿ ಬರೆದಿಟ್ಟ ಪ್ರಮಾಣವಿಲ್ಲ, ಹೋಲಿಸಿ ನೋಡುವ ಇನ್ನೊಂದು ಅಳತೆಯಿದ್ದರೂ ಅದು ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಮೈ ಕೈಕೊಟ್ಟಾಗ ಅವರು ಬೆಲ್ಲವನ್ನು ಶಂಕಿಸುತ್ತಾರೆ, ಬೆಂಕಿಯನ್ನು ಶಂಕಿಸುತ್ತಾರೆ, ಕೊನೆಗೆ ಪಕ್ಕದಲ್ಲಿ ನಿಂತ ಮನುಷ್ಯನನ್ನು. ಇದನ್ನು ಅಹಂಕಾರವೆನ್ನುವುದು ಸುಲಭ. ಹೆಚ್ಚಿನ ಪಾಲು ಭಯ. ಇಂದಿನ ತಪ್ಪು ತನ್ನದೆಂದು ಹೇಳಿದರೆ ನಿನ್ನೆಯ ಸರಿಯನ್ನೂ ಯಾರೂ ನಂಬಲಾರರೆಂಬ ಭಯ. ಆ ಭಯ ತೀರುವ ಹೊತ್ತಿಗೆ ಸರಿಯಿದ್ದುದಕ್ಕೆ ದಿನದಿನವೂ ಒಲೆಯ ಬದಿಗೆ ನಿಂತು ಸಾಕ್ಷಿಯಾಗಿದ್ದ ಒಬ್ಬನೇ ಒಬ್ಬನನ್ನು ಅವರೇ ಹೊರಗಟ್ಟಿರುತ್ತಾರೆ.