ನಾಲಗೆಯ ಅಳತೆ

ಅಮ್ಮನ ಎರಡೂ ಅಂಗೈಗಳ ಚರ್ಮ ಸುಲಿದು ಕೆಂಪಾಗಿತ್ತು. ನಮ್ಮ ಸಾಬೂನು ಕಾರ್ಖಾನೆಯಲ್ಲಿ ಬಿಲ್ಲೆಗಳಿಗೆ ಕಾಗದ ಸುತ್ತುವವಳು ಅವಳೇ. ಮೂರು ದಿನದಿಂದ ಬೆರಳು ಮಡಿಸಲಾಗದೆ ಒದ್ದಾಡುತ್ತಿದ್ದಳು; ತುತ್ತು ನಾನೇ ತಿನ್ನಿಸಬೇಕಿತ್ತು. ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಸಾಬೂನಿನ ಗುಣ ಅಳೆಯುವ ನನ್ನ ಪರೀಕ್ಷಾ ಕೋಣೆಯಿಂದ ಎದ್ದವಳೇ ನೆಟ್ಟಗೆ ಕಡಾಯಿಯ ಬಳಿ ಹೋದೆ.

ಅಣ್ಣ ಮರದ ಹುಟ್ಟು ಹಾಕಿ ಕಲಕುತ್ತಿದ್ದ. ಇಪ್ಪತ್ತು ವರ್ಷದಿಂದ ಸಾಬೂನು ಕಾಯಿಸುವವನು ಅವನೇ. ಹದ ನೋಡುವುದು ನಾಲಗೆಯಿಂದ. ತುದಿಗೆ ತಾಗಿಸಿದಾಗ ಚುರ್ ಎಂದರೆ ಕ್ಷಾರ ಹೆಚ್ಚು, ಇಲ್ಲದಿದ್ದರೆ ಸರಿ.

"ಕೊಬ್ಬರಿ ಎಣ್ಣೆ ಬಿಟ್ಟು ತಾಳೆ ಎಣ್ಣೆ ಹಾಕಿದೀಯ, ಕಾಸ್ಟಿಕ್ ಮಾತ್ರ ಹಳೇ ಅಳತೆ," ಎಂದೆ. "ಸಾಬೂನೀಕರಣ ಸಂಖ್ಯೆ ಅಂತ ಒಂದಿದೆ ಅಣ್ಣ. ಒಂದು ಗ್ರಾಂ ಎಣ್ಣೆ ಪೂರ್ತಿ ಸಾಬೂನಾಗೋಕೆ ಎಷ್ಟು ಮಿಲಿಗ್ರಾಂ ಕ್ಷಾರ ಬೇಕು ಅನ್ನೋ ಲೆಕ್ಕ. ಕೊಬ್ಬರಿಗೆ ಇನ್ನೂರೈವತ್ತು, ತಾಳೆಗೆ ಇನ್ನೂರು. ಮಿಕ್ಕಿದ್ದು ಎಲ್ಲಿಗೆ ಹೋಗತ್ತೆ? ಅಮ್ಮನ ಕೈಗೆ."

"ನಿನಗೆ ಮೂಗು ಒರೆಸ್ಕೊಳ್ಳೋಕೂ ಬರದಿದ್ದಾಗಿಂದ ಕಾಯಿಸ್ತಿದೀನಿ. ನಾಲಗೆಗಿಟ್ಟು ನೋಡಿದೀನಿ, ಚುರ್ ಅಂದಿಲ್ಲ. ಹೋಗು, ನಿನ್ನ ಗಾಜಿನ ಕೊಳವೆಗೆ ಪಾಠ ಹೇಳು."

ನಾನು ಕಡಾಯಿಯಿಂದ ಅಚ್ಚಿಗೆ ಸುರಿಯುವ ನಲ್ಲಿಯನ್ನು ತಿರುಗಿಸಿ ಮುಚ್ಚಿಬಿಟ್ಟೆ. ಕೆನ್ನೆಗೆ ಫಟಾರನೆ ಬಾರಿಸಿದ. ಜಡೆ ಹಿಡಿದು ತಲೆಯನ್ನು ಗೋಡೆಗೆ ಗುದ್ದಿದ. ಕಣ್ಣು ಕತ್ತಲಿಟ್ಟಿತು. ಕೈಕಟ್ಟಿ ನಿಲ್ಲುವ ಜಾತಿ ನನ್ನದಲ್ಲ. ಹುಟ್ಟು ಕಿತ್ತುಕೊಂಡು ಅವನ ಮೊಣಕಾಲಿಗೆ ಬೀಸಿದೆ, ಮತ್ತೆ ಬೀಸಿದೆ. ಬಿದ್ದ. ಎದೆಯ ಮೇಲೆ ಕೂತು, ಕೈಗೆ ಸಿಕ್ಕ ಬಿಲ್ಲೆಯೊಂದನ್ನು ಮುರಿದು ಅವನ ಬಾಯಿಗೆ ತುರುಕಿದೆ.

"ಈಗ ನೋಡು ರುಚಿ. ಅಗಿ."

ನನ್ನ ಕಣ್ಣಲ್ಲಿ ಕಣ್ಣಿಟ್ಟು, ಹಟಕ್ಕೆಂದೇ ಅಗಿದ. ತುಟಿಯಂಚು ಬಿಳಿಚಿಕೊಂಡಿತು. ನೊರೆಯೊಂದಿಗೆ ರಕ್ತ ಬಂದು ಗದ್ದಕ್ಕೆ ಇಳಿಯಿತು. ಮುಖದಲ್ಲಿ ನೋವಿನ ಒಂದು ಗೆರೆಯೂ ಮೂಡಲಿಲ್ಲ.

"ಚೆನ್ನಾಗೇ ಇದೆ," ಎಂದ.

ಅವನ ಎದೆಯ ಮೇಲಿಂದ ದಡಬಡನೆ ಎದ್ದೆ. ಕ್ಷಾರ ನೆಕ್ಕಿ ನೆಕ್ಕಿ ಇವನ ನಾಲಗೆ ಸತ್ತು ಎಷ್ಟು ವರ್ಷವಾಗಿತ್ತೋ. ನೀರಿನ ತೊಟ್ಟಿಗೆ ದರದರ ಎಳೆದೊಯ್ದು ಬಾಯಿಗೆ ನೀರು ಸುರಿದೆ. "ಉಗುಳು ಅಣ್ಣ, ನುಂಗಬೇಡ, ಉಗುಳು."

ಉಗುಳಿದ. ಕೆಳಗೆ ಹರಿದ ಕೆಂಪು ನೀರನ್ನೇ ನೋಡಿದ.

"ಯಾರ ರಕ್ತಾನೇ ಇದು?"

"ನಿಂದೇ."

ಎರಡು ಬೆರಳು ಬಾಯಿಗೆ ಹಾಕಿ ನಾಲಗೆಯನ್ನು ಹಿಸುಕಿ ನೋಡಿಕೊಂಡ. ಮತ್ತೆ ಹಿಸುಕಿದ, ಜೋರಾಗಿ. ಆಮೇಲೆ ಗೋಡೆಗೊರಗಿ ಕುಸಿದು ಕೂತ.

"ಹಾಗಾದ್ರೆ ಅಮ್ಮನ ಕೈ," ಎಂದ, "ನಾನೇ ಸುಟ್ಟಿದ್ದಾ?"