ಕಂಪೌಂಡರ್ ಇನ್ನಾಸಪ್ಪನ ಮಣ್ಣು

ಬಸಂತರಾಯ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ, ಇನ್ನೊಂದನ್ನು ಮೆಟ್ಟಲು ಹೋಗಿ ಮತ್ತೆ ಕಟ್ಟೆಯ ಮೇಲೆ ಕುಳಿತ. ಬೆಳಗಿನಿಂದ ಇದು ಮೂರನೆಯ ಸಲ. ಕೊಟ್ಟಿಗೆಯಲ್ಲಿ ಕಸ ಬಳಿಯುತ್ತಿದ್ದ ಹೆಂಡತಿ ಕಸ್ತೂರೆವ್ವ ಕಸಬರಿಗೆ ಹಿಡಿದುಕೊಂಡೇ ಹೊರಗೆ ಬಂದಳು.

“ಮದಿವಿಗೆ ಕರದ್ರ ಹೋಗ್ಬೇಕು, ಮಣ್ಣಿಗೆ ಕರೀಲಾರದ ಹೋಗ್ಬೇಕ್ರಿ,” ಅಂದಳು.

“ಹೋಗೂದಿಲ್ಲ ಅಂದೆನೇನು?”

“ಹೋಗ್ತೇನಂತನೂ ಅಂದಿಲ್ಲಲ್ರಿ.”

ಸತ್ತವನು ದನದ ದವಾಖಾನೆಯ ಕಂಪೌಂಡರ್ ಇನ್ನಾಸಪ್ಪ. ನಾಲತವಾಡದಿಂದ ಎರಡು ಹರದಾರಿ ದೂರದ ಆ ಊರಿನಲ್ಲಿ ಕಿರಸ್ತಾನರ ಮನೆ ಅದೊಂದೇ. ಹೊಳೆಯಾಚೆಯ ಮುದಗಲ್ಲಿನವನು, ಹತ್ತೊಂಬತ್ತು ವರ್ಷದ ಹಿಂದೆ ವರ್ಗವಾಗಿ ಬಂದವನು ಮತ್ತೆ ವರ್ಗ ಕೇಳಲೇ ಇಲ್ಲ. ಡಾಕ್ಟರರು ವಾರಕ್ಕೆರಡು ದಿನ ಮುದ್ದೇಬಿಹಾಳದಿಂದ ಬರುತ್ತಿದ್ದರು, ಅದೂ ಬಸ್ಸು ಸಿಕ್ಕರೆ. ಉಳಿದ ದಿನ ಊರ ದನಗಳಿಗೆಲ್ಲ ಇನ್ನಾಸಪ್ಪನೇ ದೇವರು, ಇನ್ನಾಸಪ್ಪನೇ ದಿಂಡರು. ದನ ಹೊಡೆದುಕೊಂಡು ಬಂದವನಿಗೆ ಒಂದು ಮಾತು ಕೇಳಿದರೆ ದನಕ್ಕೆ ನಾಲ್ಕು ಮಾತು ಕೇಳುತ್ತಿದ್ದ. ದನ ಉತ್ತರ ಹೇಳುತ್ತಿತ್ತೋ ಏನೋ, ಔಷಧ ಮಾತ್ರ ತಪ್ಪುತ್ತಿರಲಿಲ್ಲ.

ಊರಲ್ಲಿ ಅವನೊಡನೆ ಮಾತು ಬಿಟ್ಟವನು ಒಬ್ಬನೇ ಒಬ್ಬ, ಬಸಂತರಾಯಗೌಡ. ಬಿಟ್ಟು ಒಂಬತ್ತು ವರ್ಷವಾಗಿತ್ತು. ಗೌಡನದು ಮೂಗಿನ ತುದಿಯ ಸಿಟ್ಟು ಎಂದು ಜನ ಹೇಳುತ್ತಿದ್ದರು. ಅದು ಸುಳ್ಳು. ಮೂಗಿನ ತುದಿಯ ಸಿಟ್ಟು ಒಂದು ಸೀನಿಗೆ ಹೋಗುತ್ತದೆ. ಇವನ ಸಿಟ್ಟು ಬೀಜದ ಜೋಳ ಕಾಪಿಟ್ಟ ಹಾಗೆ, ಬೂದಿ ಬೆರೆಸಿ, ನೆಲದೊಳಗಿನ ಹಗೇವಿನಲ್ಲಿ ಹಾಕಿ, ಬಾಯಿ ಮುಚ್ಚಿ ಇಟ್ಟದ್ದು.

ಕಸ್ತೂರೆವ್ವ ಇನ್ನೊಂದು ಚಪ್ಪಲಿಯನ್ನು ಕಾಲಿಂದಲೇ ಅವನತ್ತ ಸರಿಸಿದಳು. ಅವನು ಮೆಟ್ಟಿಕೊಂಡು ನಡೆದ.

*

ಒಂಬತ್ತು ವರ್ಷದ ಹಿಂದೆ, ಒಂದು ಐತವಾರ ಬೆಳಿಗ್ಗೆ, ಬಸಂತರಾಯನ ಹಂಡ್ಯಾ ಎಂಬ ಕಿಲಾರಿ ಎತ್ತು ಹಗ್ಗ ಹರಿದುಕೊಂಡು ಇಬ್ಬನಿ ಬಿದ್ದ ಹಸಿ ಕಡಲೆಯ ಹೊಲಕ್ಕೆ ನುಗ್ಗಿ ಹೊಟ್ಟೆ ಬಿರಿಯುವಷ್ಟು ತಿಂದಿತ್ತು. ಅರ್ಧ ತಾಸಿನೊಳಗೆ ಎಡಪಕ್ಕೆ ನಗಾರಿಯ ಹಾಗೆ ಉಬ್ಬಿತು. ಅಂಥ ಹೊತ್ತಿನಲ್ಲಿ ಪಕ್ಕೆಗೆ ಕೊಳವೆ ಚುಚ್ಚಿ ಗಾಳಿ ಬಿಡಬೇಕು. ಅದನ್ನು ಮಾಡಲು ಬರುವವನು ಇನ್ನಾಸಪ್ಪ ಒಬ್ಬನೇ.

ಬಸಂತರಾಯ ಆಳನ್ನು ಕಳಿಸದೆ ತಾನೇ ಓಡಿದ. ಅವತ್ತು ಪಾದ್ರಿಗಳು ಬಂದಿದ್ದರು. ಅವರು ಎರಡು ತಿಂಗಳಿಗೊಮ್ಮೆ ಮೋಟಾರ್ ಸೈಕಲ್ಲಿನ ಮೇಲೆ ಬಂದು, ಇನ್ನಾಸಪ್ಪನ ಪಡಸಾಲೆಯಲ್ಲಿ ಪೂಜೆ ಮಾಡಿ ಮುಂದಿನ ಊರಿಗೆ ಹೋಗುತ್ತಿದ್ದರು. ಆಸುಪಾಸಿನ ಹಳ್ಳಿಗಳಿಂದ ಎಂಟು ಹತ್ತು ಜನ ಕೂಡುತ್ತಿದ್ದರು. ಇನ್ನಾಸಪ್ಪ ಎಲ್ಲರಿಗಿಂತ ಮುಂದೆ ಮೊಣಕಾಲೂರಿದ್ದ. ಬಸಂತರಾಯ ಅಂಗಳದಲ್ಲಿ ನಿಂತು ಕೂಗಿ ಹೇಳಿದ. ಇನ್ನಾಸಪ್ಪ ತಿರುಗಿ ನೋಡಿದ, ಪಾದ್ರಿಗಳ ಕೈಯತ್ತ ನೋಡಿದ, ಮತ್ತೆ ತಿರುಗಿದ.

“ಪೂಜಿ ಮುಗೀಲ್ರಿ, ಬರ್ತೇನಿ,” ಅಂದ.

ಪ್ರಸಾದ ತೆಗೆದುಕೊಂಡು ಬರಲು ಅವನಿಗೆ ಕಾಲು ತಾಸು ಹಿಡಿಯಿತು. ಬಾಯಿಯ ಪ್ರಸಾದ ಕರಗುವ ಮೊದಲೇ ಚೀಲ ಹಿಡಿದು ಓಡಿ ಬಂದಿದ್ದ, ಆದರೆ ಹಂಡ್ಯಾ ನಾಲಗೆ ಹೊರಚಾಚಿ ಅಂಗಳದಲ್ಲಿ ಉದ್ದಕ್ಕೆ ಬಿದ್ದಿತ್ತು. ಇನ್ನಾಸಪ್ಪ ಎತ್ತಿನ ಪಕ್ಕೆಯ ಮೇಲೆ ಕೈಯಿಟ್ಟು ಕುಳಿತುಬಿಟ್ಟ. ಬಸಂತರಾಯ ಬೈಯಲಿಲ್ಲ. ನಿನಗೂ ನನಗೂ ಮಾತು ಮುಗಿಯಿತು ಎಂದ, ಒಳಗೆ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಎರಡು ತಿಂಗಳು ಕಳೆದು ಮತ್ತೆ ಪಾದ್ರಿಗಳು ಬರುವ ದಿನ ಬಂತು. ಅವತ್ತು ಬೆಳಿಗ್ಗೆ ಇನ್ನಾಸಪ್ಪ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಗೌಡನ ಕಟ್ಟೆಯ ಕೆಳಗೆ ಬಂದು ನಿಂತ.

“ತಪ್ಪಾತ್ರಿ ಗೌಡ್ರ. ಒಂದ್ ಮಾತ ಆಡ್ರಿ,” ಅಂದ.

ಬಸಂತರಾಯ ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ತಲೆ ಎತ್ತಲಿಲ್ಲ. ಇನ್ನಾಸಪ್ಪ ಸ್ವಲ್ಪ ಹೊತ್ತು ನಿಂತು ಹೋದ. ಮತ್ತೆರಡು ತಿಂಗಳಿಗೆ ಮತ್ತೆ ಬಂದ. ವರ್ಷಕ್ಕೆ ಆರು ಸಲ, ಮಳೆಯಿರಲಿ ಚಳಿಯಿರಲಿ, ಅದೇ ಬಿಳಿ ಅಂಗಿ, ಅದೇ ಮಾತು. ನಡುವಿನ ದಿನಗಳಲ್ಲಿ ಗೌಡನ ದನಗಳು ದವಾಖಾನೆಗೆ ಹೋಗುತ್ತಲೇ ಇದ್ದವು, ಆಳಿನ ಕೈಯಲ್ಲಿ. ಒಮ್ಮೆ ಆಳು ಇರಲಿಲ್ಲವೆಂದು ಬಸಂತರಾಯನೇ ಆಕಳು ಹಿಡಿದುಕೊಂಡು ಹೋಗಿ, ಇನ್ನಾಸಪ್ಪನಿಗೆ ಬೆನ್ನು ಮಾಡಿ ನಿಂತು, ಏನಾಗಿದೆ ಎಂಬುದನ್ನು ಗೋಡೆಗೆ ಹೇಳಿದ. ಇನ್ನಾಸಪ್ಪ ಗೋಡೆಗೇ ಉತ್ತರ ಕೊಟ್ಟ. ಊರು ಅದನ್ನು ಒಂದು ತಿಂಗಳು ನಕ್ಕಿತು.

ಕಂಪೌಂಡರ್ ತನ್ನ ಹೆಸರು ಉಳಿಸಿಕೊಳ್ಳಲು ಬರುತ್ತಾನೆ ಎಂದೇ ಬಸಂತರಾಯ ತಿಳಿದಿದ್ದ. ಸರಕಾರದ ಚಾಕರಿಯವನು ತನ್ನ ಕಟ್ಟೆಯ ಕೆಳಗೆ ಕೈಕಟ್ಟಿ ನಿಲ್ಲುವುದು ಅವನಿಗೆ ರುಚಿಸಿತ್ತು. ಇದನ್ನು ಅವನು ಯಾರಿಗೂ ಹೇಳಿಲ್ಲ, ಆದರೆ ಕಸ್ತೂರೆವ್ವನಿಗೆ ಗೊತ್ತಿತ್ತು.

*

ಕಂಪೌಂಡರನ ಮನೆಯ ಅಂಗಳದಲ್ಲಿ ಅರ್ಧ ಊರು ನೆರೆದಿತ್ತು. ಹೊಳೆ ದಾಟಿ ಮುದಗಲ್ಲಿನಿಂದ ಆರೇಳು ಜನ ಬಂದು ಪಡಸಾಲೆಯಲ್ಲಿ ಕುಳಿತಿದ್ದರು. ಇನ್ನಾಸಪ್ಪನನ್ನು ಬಿಳಿ ಅಂಗಿ ತೊಡಿಸಿ ಮಂಚದ ಮೇಲೆ ಮಲಗಿಸಿದ್ದರು. ಕೂಡಿಸಿದ ಬೆರಳುಗಳಿಗೆ ಜಪಸರ ಸುತ್ತಿತ್ತು. ತಲೆಯ ಹತ್ತಿರ ಹೆಂಡತಿ ಆರೋಗ್ಯವ್ವ ಕುಳಿತಿದ್ದಳು. ಅವಳು ಬಸಂತರಾಯನನ್ನು ಕಂಡಳು, ಕಂಡು ಮುಖ ತಿರುಗಿಸಿದಳು. ಮುಖ ತಿರುಗಿಸಿಕೊಳ್ಳುವುದು ಹೇಗಿರುತ್ತದೆ ಎಂಬುದು ಗೌಡನಿಗೆ ಹೊಸದು. ಅವನು ಬೇವಿನ ಮರದ ಕೆಳಗೆ ಹೋಗಿ ನಿಂತ.

ಅಲ್ಲಿಗೆ ಮಡಿವಾಳಪ್ಪ ಬಂದ. ಅವನು ಊರಿನ ಬಟ್ಟೆ ಒಗೆಯುವವನು, ಇನ್ನಾಸಪ್ಪನ ಮಗ್ಗುಲ ಮನೆಯವನು. ಮೊನ್ನೆ ಗೌಡನ ಕಣಕ್ಕೆ ಕರೆಯಲು ಬಂದವನೂ ಅವನೇ. ಕಂಪೌಂಡರಿಗೆ ಎದೆನೋವು, ಉಸಿರು ಹಿಡಿಯುತ್ತಿದೆ, ಒಂದು ಗಳಿಗೆ ಬಂದು ಹೋಗಬೇಕಂತೆ ಎಂದು ಹೇಳಿದ್ದ. ಬಸಂತರಾಯನಿಗೆ ಆಗ ಒಂಬತ್ತು ವರ್ಷದಿಂದ ನಾಲಗೆಯ ಮೇಲೆ ಕಾಯ್ದು ಕುಳಿತಿದ್ದ ಮಾತು ತಾನಾಗಿ ಬಂದಿತ್ತು. “ರಾಶಿ ಮುಗೀಲಿ, ಬರ್ತೇನಿ,” ಅಂದಿದ್ದ. ಅಂದು ಸಂಜೆಯವರೆಗೂ ಆ ಮಾತಿನ ರುಚಿ ಬಾಯಲ್ಲಿತ್ತು. ರಾಶಿ ಮಾರನೆಯ ದಿನವೂ ಮುಗಿಯಲಿಲ್ಲ. ಇಂದು ನಸುಕಿನಲ್ಲಿ ಇನ್ನಾಸಪ್ಪ ಮುಗಿದಿದ್ದ.

“ಯಾಕ ಕರದಿದ್ರು, ಗೊತ್ತೇನ್ರಿ?” ಎಂದು ಮಡಿವಾಳಪ್ಪ ಕೇಳಿದ.

ಗೊತ್ತಿಲ್ಲವೆಂದು ಬಸಂತರಾಯ ತಲೆಯಾಡಿಸಿದ. ಮಡಿವಾಳಪ್ಪ ಮೆಲ್ಲಗೆ ಹೇಳಿದ. ಅವರ ಪೂಜೆಯಲ್ಲಿ ಒಂದು ತೆಳ್ಳಗಿನ ಬಿಳಿ ರೊಟ್ಟಿ ಕೊಡುತ್ತಾರೆ. ಅದು ಅವರಿಗೆ ಬರಿ ಪ್ರಸಾದವಲ್ಲ, ದೇವರೇ ಬಾಯಿಗೆ ಬಂದ ಹಾಗೆ. ಯಾರಿಗಾದರೂ ನಿನ್ನ ಮೇಲೆ ಮುನಿಸಿದ್ದರೆ ಮೊದಲು ಹೋಗಿ ಅವನನ್ನು ಒಲಿಸಿಕೊಂಡು ಬಾ, ಆಮೇಲೆ ನನ್ನ ಹತ್ತಿರ ಬಾ ಅಂತ ಅವರ ಸ್ವಾಮಿ ಹೇಳಿದ್ದಾನೆ. ಹಾಗಾಗಿ ಪಾದ್ರಿಗಳು ಬಂದ ದಿನವೆಲ್ಲ ಇನ್ನಾಸಪ್ಪ ಮೊದಲು ಗೌಡರ ಕಟ್ಟೆಗೆ ಹೋಗುತ್ತಿದ್ದ. ಮಾತು ಸಿಗದೆ ತಿರುಗಿ ಬಂದು, ಹಿಂದೆ ಬಾಗಿಲ ಹತ್ತಿರ ಕುಳಿತುಬಿಡುತ್ತಿದ್ದ. ರೊಟ್ಟಿ ಕೊಡುವಾಗ ಏಳುತ್ತಿರಲಿಲ್ಲ. ಒಂಬತ್ತು ವರ್ಷ ಅವನು ಅದನ್ನು ತಿಂದಿಲ್ಲ.

“ಮೊನ್ನೆ ಪಾದ್ರಿಗೋಳು ಕೊಡಾಕ ಬಂದಿದ್ರು. ನೀ ಐವತ್ ಸಲ ಹೋಗಿ ಬಂದಿ, ದೇವರು ಮನಸ್ಸು ನೋಡ್ತಾನ, ತಗೋ ಅಂದ್ರು. ಇಂವ ಕೇಳಲಿಲ್ರಿ,” ಎಂದ ಮಡಿವಾಳಪ್ಪ. “ಎತ್ತು ಸತ್ತದ್ದು ನನ್ನ ಮನಸ್ಸಿನ್ಯಾಗಲ್ರಿ, ಅವರ ಅಂಗಳದಾಗ, ಅಂದ. ಗೌಡ್ರು ಬರ್ತೇನಂದಾರ, ಬರ್ತಾರ ಅಂತ ಬಾಗಿಲಾ ನೋಡಕೋತ ಇದ್ದ. ಪಾದ್ರಿಗೋಳು ಸಂಜಿತನಕ ಕಾಯ್ದು ಹೋದ್ರು.”

ಬಸಂತರಾಯ ಬೇವಿನ ಬೊಡ್ಡೆಗೆ ಕೈಯೂರಿದ. ತಾನು ಕಟ್ಟೆಯ ಮೇಲೆ ಕುಳಿತು ಸುಣ್ಣ ಹಚ್ಚುತ್ತ ಒಬ್ಬ ಮನುಷ್ಯನ ಬಾಯಿಯ ಅನ್ನ ತಡೆಹಿಡಿದಿದ್ದೆ ಎಂಬುದು ಅವನಿಗೆ ಈಗ ತಿಳಿಯಿತು. ಹಸಿದವನು ಬಾಗಿಲಿಗೆ ಬಂದರೆ ಗೌಡನ ಮನೆಯಲ್ಲಿ ಯಾರನ್ನೂ ಬರಿಗೈಲಿ ಕಳಿಸಿದ್ದಿಲ್ಲ. ಅವನಿಗೆ ನಾಚಿಕೆಯಾಯಿತು. ವಯಸ್ಸಾದ ಮೇಲೆ ಬರುವ ನಾಚಿಕೆ ಮೈಯನ್ನೆಲ್ಲ ತಿನ್ನುತ್ತದೆ.

ಒಳಗೆ ಪಾದ್ರಿಗಳು ಪೂಜೆ ಶುರು ಮಾಡಿದ್ದರು. ಸುದ್ದಿ ಮುಟ್ಟಿದ ಕೂಡಲೇ ಮುದ್ದೇಬಿಹಾಳದ ಕಡೆಯಿಂದ ತಿರುಗಿ ಬಂದವರು ಅವರು. ಧೂಳು ಇನ್ನೂ ಹುಬ್ಬಿನ ಮೇಲಿತ್ತು. ಪುಸ್ತಕ ತೆರೆದು, ಇನ್ನಾಸಪ್ಪ ತಮ್ಮಿಂದ ಮತ್ತೆ ಮತ್ತೆ ಓದಿಸುತ್ತಿದ್ದ ಜಾಗ ಇದು, ಅದಕ್ಕೇ ಇಂದು ಇದನ್ನೇ ಓದುತ್ತೇನೆ ಎಂದರು. ದೇವರ ವಾರದಂದು ಕೆಲಸ ಮಾಡಬಾರದೆಂದು ಹಟ ಹಿಡಿದ ದೊಡ್ಡವರನ್ನು ಯೇಸುಸ್ವಾಮಿ ಕೇಳಿದನಂತೆ, ಅಂಥ ದಿನವೇ ನಿಮ್ಮ ಎತ್ತು ಬಾವಿಗೆ ಬಿದ್ದರೆ ಮೇಲೆತ್ತದೆ ಬಿಡುತ್ತೀರೇನು ಎಂದು.

ಅಂಗಳದ ಒಕ್ಕಲಿಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಿರಸ್ತಾನರ ಪುಸ್ತಕದಲ್ಲಿ ಎತ್ತಿನ ಸುದ್ದಿ ಇರುತ್ತದೆಂದು ಯಾರೂ ಎಣಿಸಿರಲಿಲ್ಲ. ಬಸಂತರಾಯನೂ ಎಣಿಸಿರಲಿಲ್ಲ. ಈ ಮಾತನ್ನು ಇನ್ನಾಸಪ್ಪ ಎಷ್ಟು ಸಲ ಕೇಳಿರಬೇಕು, ಕೇಳಿದಾಗಲೆಲ್ಲ ಯಾವ ಎತ್ತು ಅವನ ಕಣ್ಣ ಮುಂದೆ ಬಂದಿರಬೇಕು ಎಂದು ಯೋಚಿಸಿದ. ಹಂಡ್ಯಾನಿಗಾಗಿ ತಾನೊಬ್ಬನೇ ದುಃಖಪಟ್ಟೆ ಅಂದುಕೊಂಡಿದ್ದ. ದುಃಖಪಟ್ಟವರು ಇಬ್ಬರಿದ್ದರು.

ರೊಟ್ಟಿ ಕೊಡುವ ಹೊತ್ತು ಬಂತು. ಮುದಗಲ್ಲಿನವರು ಒಬ್ಬೊಬ್ಬರಾಗಿ ನಾಲಗೆ ಚಾಚಿ ತೆಗೆದುಕೊಂಡರು. ಪಾದ್ರಿಗಳು ಆರೋಗ್ಯವ್ವನ ಮುಂದೆ ಬಂದಾಗ ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

“ನನಗ ಬ್ಯಾಡ್ರಿ ಸ್ವಾಮಿ.”

ಪಾದ್ರಿಗಳು ತಗ್ಗಿ ಏನೋ ಹೇಳಿದರು. ಅವಳ ದನಿ ಮಾತ್ರ ತಗ್ಗಲಿಲ್ಲ. ಅಂಗಳದ ತುದಿಯವರೆಗೆ ಕೇಳಿಸಿತು.

“ಸಿಟ್ಟೈತ್ರಿ ನನ್ನ ಹೊಟ್ಟ್ಯಾಗ. ಬರ್ತೇನಂದವರು ಬರಲಿಲ್ಲ. ಸಿಟ್ಟಿಟಗೊಂಡು ನಾ ಇದನ್ನ ತಗೊಂಡ್ರ, ಇವರು ಒಂಬತ್ ವರ್ಷ ಬಿಟ್ಟದ್ದು ಯಾತಕ್ಕ ಬಂತ್ರಿ?”

ಪಾದ್ರಿಗಳು ಮುಂದೆಯೂ ಹೋಗಲಿಲ್ಲ, ಹಿಂದೆಯೂ ಸರಿಯಲಿಲ್ಲ. ರೊಟ್ಟಿ ಹಿಡಿದ ಕೈ ಹಾಗೇ ಇತ್ತು. ಮಡಿವಾಳಪ್ಪ ನೆಲ ನೋಡಿದ. ಊರು ಬಸಂತರಾಯನನ್ನು ನೋಡಿತು.

ಸತ್ತವನಿಗೆ ಮಾಡುವುದು ಇನ್ನೇನೂ ಉಳಿದಿರಲಿಲ್ಲ. ಉಳಿದದ್ದು ಅವನ ಹೆಂಡತಿಯ ಬಾಯಿ. ಅದೂ ತನ್ನ ದೆಸೆಯಿಂದಲೇ ಕಟ್ಟಿಹೋದರೆ ಆ ಮನೆಯನ್ನು ಎರಡು ಸಲ ಕೊಂದ ಹಾಗೆ. ಇಷ್ಟು ತಿಳಿಯಲು ಬಸಂತರಾಯನಿಗೆ ಪುಸ್ತಕ ಬೇಕಾಗಲಿಲ್ಲ. ಅವನು ಮರ ಬಿಟ್ಟು ನಡೆದ. ಜನ ದಾರಿ ಬಿಟ್ಟರು. ಹೊಸ್ತಿಲ ಹೊರಗೆ ನಿಂತ. ಹೇಗೆ ನಿಲ್ಲಬೇಕೆಂದು ತಿಳಿಯದೆ ಕೈಗಳನ್ನು ಒಮ್ಮೆ ಬಿಟ್ಟ, ಒಮ್ಮೆ ಕಟ್ಟಿದ.

“ನಂದು ತಪ್ಪಾತು ತಂಗಿ,” ಅಂದ. “ರಾಶಿ ಬರೇ ನೆವ ಇತ್ತು. ಬೇಕಂತ ಅಂದೆ.”

ಆರೋಗ್ಯವ್ವ ತಲೆ ಎತ್ತಲಿಲ್ಲ. ಗಂಡನ ಅಂಗಿಯ ಮಡಿಕೆಯೊಂದನ್ನು ಕೈಯಿಂದ ಸವರಿ ಸರಿಮಾಡಿದಳು. ಆ ಹೊತ್ತು ಬಸಂತರಾಯನಿಗೆ ಬಹಳ ಉದ್ದವಾಯಿತು. ಹೋಗಿಬಿಡಬಹುದಿತ್ತು. ಇನ್ನಾಸಪ್ಪ ಐವತ್ತು ಸಲ ಹೇಗೆ ನಿಂತಿದ್ದನೋ, ತಾನು ಒಂದು ಸಲ ನಿಲ್ಲಲಾರೆನೇ ಎಂದು ನಿಂತೇ ಇದ್ದ.

ಕೊನೆಗೆ ಅವಳು ನೆಲಕ್ಕೆ ಕೈಯೂರಿ ಎದ್ದಳು. ಮೂಲೆಯ ಕೊಡದಿಂದ ಒಂದು ತಂಬಿಗೆ ನೀರು ತುಂಬಿ ತಂದು, ಅವನ ಮುಖ ನೋಡದೆ, ಹೊಸ್ತಿಲ ಮೇಲೆ ಇಟ್ಟಳು. ತಿರುಗಿ ಹೋಗಿ ಪಾದ್ರಿಗಳ ಮುಂದೆ ಮೊಣಕಾಲೂರಿ, ಸೆರಗು ಸರಿಸಿ, ಬಾಯಿ ತೆರೆದಳು.

ಊರಿನ ಕಣ್ಣೆಲ್ಲ ತಂಬಿಗೆಯ ಮೇಲಿತ್ತು. ಗೌಡರ ಮನೆತನದವರು ಕಿರಸ್ತಾನರ ಮನೆಯ ನೀರು ಮುಟ್ಟಿದ್ದಿಲ್ಲ, ಮುಟ್ಟುವ ಪದ್ಧತಿಯೂ ಇಲ್ಲ. ಬಸಂತರಾಯ ತಲೆಯ ಪಟಗ ತೆಗೆದು ಬಗಲಲ್ಲಿ ಇರುಕಿಕೊಂಡ. ಬಗ್ಗಿ ಎರಡೂ ಕೈಯಿಂದ ತಂಬಿಗೆ ಎತ್ತಿದ. ಮೇಲಿಂದ ಸುರಿದುಕೊಳ್ಳಲಿಲ್ಲ. ಅಂಚಿಗೆ ತುಟಿ ಹಚ್ಚಿ, ಕಣ್ಣು ಮುಚ್ಚಿ, ತಳ ಕಾಣುವವರೆಗೆ ಕುಡಿದ.