ಕೈಯಳತೆಯ ಉಪ್ಪು

ಮದ್ದೂರಿನ ಸೇತುವೆಯ ಮೇಲೆ ಬಸ್ಸು ಕುಲುಕಿತು, ಪಕ್ಕದ ಹೆಂಗಸು ಮೊಟ್ಟೆಯ ಬುಟ್ಟಿಯನ್ನು ಮಡಿಲಿನಿಂದ ಒಂದಂಗುಲ ಎತ್ತಿ ಹಿಡಿದಳು, ಕುಲುಕುವ ಮೊದಲೇ ಅವಳಿಗೆ ಗೊತ್ತಾಗಿತ್ತು, ಅದಕ್ಕೆ ಏನೆನ್ನಬೇಕು, ಚುರುಕು? ನಾಜೂಕು? ಪಾರ್ಥಸಾರಥಿಯ ಜೇಬಿನ ಹಾಳೆಯಲ್ಲಿ ಆ ಒಂದು ಪದದ ಜಾಗ ಖಾಲಿಯಿದೆ, ಮಂಡ್ಯದ ಸಕ್ಕರೆ ಕಾರ್ಖಾನೆಯ ಪ್ರಯೋಗಶಾಲೆಗೆ ಹೊಸ ತ್ರಾಸು ಬಂದಿದೆ, ಬಳಸುವ ನಿಯಮಗಳನ್ನು ಕನ್ನಡದಲ್ಲಿ ಬರೆಯಿರಿ ಎಂದಿದ್ದಾರೆ ಮೇಲಿನವರು, ಆರು ಮುಗಿದಿವೆ, ಏಳನೆಯದು ಸೆನ್ಸಿಟಿವಿಟಿ — ಕೂದಲೆಳೆ ಇಟ್ಟರೂ ಮುಳ್ಳು ಸರಿಯುತ್ತದೆ, ಉಸಿರು ತಾಕೀತೆಂದು ಗಾಜಿನ ಬಾಗಿಲು ಹಾಕಿಯೇ ತೂಗಬೇಕು, ಆ ಗುಣಕ್ಕೇ ಅದಕ್ಕಷ್ಟು ಮರ್ಯಾದೆ, ಸೂಕ್ಷ್ಮತೆ ಎಂದರಾದೀತು, ಆದರೆ ನಿನ್ನ ಹೆಂಡತಿ ಬಲು ಸೂಕ್ಷ್ಮ ಕಣೋ, ಒಂದು ಮಾತು ತಡೆಯೋಲ್ಲ ಎಂದಳಲ್ಲ ಅಮ್ಮ, ಅಲ್ಲಿ ಅದು ಕುಂದು, ಹನ್ನೊಂದು ದಿನದಿಂದ ತಾನೂ ಹೂಂ ಎನ್ನುತ್ತಿದ್ದಾನೆ. ಒಂದು ದಿನ, ಒಂದೇ ದಿನ, ಸಾರಿಗೆ ಉಪ್ಪು ಕಡಿಮೆಯಾಗಿತ್ತು, ಅಷ್ಟಕ್ಕೆ ಅವನು ಉಪ್ಪು ತೂಗಿ ವಾರಕ್ಕೆ ಏಳು ಪೊಟ್ಟಣ ಕಟ್ಟಿ, ಒಂದೊಂದರ ಮೇಲೂ ತೂಕ ಬರೆದು ಒಲೆಯ ಪಕ್ಕ ಜೋಡಿಸಿಟ್ಟ, ಒಳ್ಳೆಯದಕ್ಕೇ ಇಟ್ಟದ್ದು, ಚೂಡಾಮಣಿ ಓದಿದಳು, ಏಳನ್ನೂ ಓದಿದಳು, ನೈವೇದ್ಯಕ್ಕೆ ಮೊದಲು ನಾಲಿಗೆಗೆ ಹಾಕೋ ಹಾಗಿಲ್ಲ, ಕೈಯನ್ನೂ ನಂಬೋ ಹಾಗಿಲ್ಲವೆ ಎಂದಳು, ಮರುದಿನ ಮಳವಳ್ಳಿಗೆ, ತವರಿಗೆ ಹೊರಟಳು, ಅವನು ಬರೆದ ಎರಡು ಕಾಗದಕ್ಕೂ ಉತ್ತರವಿಲ್ಲ, ಇವತ್ತೂ ಬರುವುದಿಲ್ಲ ಎಂದುಬಿಟ್ಟರೆ?

ಎಂಡ್ರುನ್ನ ಕರ್ಕಂಡ್ ಬರಕ್ ಓಯ್ತಿದೀರಾ ಸ್ವಾಮಿ, ಮೊಟ್ಟೆಯವಳು ಕೇಳಿದಳು, ನಿಮಗೆ ಹೇಗೆ ಗೊತ್ತು, ಅಯ್ಯೋ ಗಂಡ್ಸು ಒಬ್ನೇ ಮೊಳ ಮೊಳ ಮಲ್ಲಿಗೆ ಇಡ್ಕಂಡು ಮಕ ಉಳ್ಳುಳ್ಳಗೆ ಮಾಡ್ಕಂಡು ಕುಂತವ್ನೆ, ಇನ್ನೇನು ಮದ್ವೆಗ್ ಓಯ್ತಾನಾ, ಕಾಲ್ಗೀಲು ಇಡ್ದುಬುಡಬ್ಯಾಡಿ, ತಪ್ಪಾಯ್ತು ಅನ್ನಿ, ಸಾಕು, ಬಸ್ಸೆಲ್ಲ ನಕ್ಕಿತು, ಅವನಿಗೂ ನಗು ಬಂತು, ಎರಡೂ ಬದಿ ಕಬ್ಬು, ಕಬ್ಬಿನ ಆಚೆ ಕಾಲುವೆ, ಬಿಸಿಲು ಹಿತವಾಗಿತ್ತು.

ಮಾವನ ಮನೆಯ ಅಡಿಗೆಮನೆ, ಹೊಸಿಲಿನಾಚೆಯೇ ನಿಂತ, ಒಳಗೆ ಬರಬೇಡಿ, ಬಸ್ಸಿನ ಬಟ್ಟೆ, ನಾನು ಮಡಿಯಲ್ಲಿದ್ದೀನಿ, ಚೂಡಾಮಣಿ ತಿರುಗಲಿಲ್ಲ, ಧ್ವನಿಯಲ್ಲಿ ಸಿಟ್ಟಿದೆಯೋ ಇಲ್ಲವೋ, ತಪ್ಪಾಯ್ತು ಚೂಡಾ, ಪೊಟ್ಟಣಗಳನ್ನೆಲ್ಲ ಬಿಚ್ಚಿ ಜಾಡಿಗೆ ಸುರಿದುಬಿಟ್ಟೆ, ಸಾರು ಕುದಿಯುತ್ತಿದೆ, ಅವಳು ಬಗ್ಗಿ ಆವಿ ನೋಡಿದಳು, ಜಾಡಿಗೆ ಕೈಯಿಟ್ಟು ಕಲ್ಲುಪ್ಪು ಮುಷ್ಟಿಯಲ್ಲಿ ಹಿಡಿದಳು, ಪಾತ್ರೆಯ ಮೇಲೆ ಮುಷ್ಟಿ ನಿಂತಿತು, ಯಾವುದನ್ನೋ ಆಲಿಸುವಂತೆ, ಅವನೂ ಉಸಿರು ಹಿಡಿದ, ಮುಷ್ಟಿ ಜಾಡಿಯ ಕಡೆ ಹಿಂತಿರುಗಿತು, ಬೆರಳು ಸಡಿಲವಾಯಿತು, ಎರಡು ಹರಳು ಮತ್ತೆ ಜಾಡಿಗೆ, ಉಳಿದದ್ದು ಸಾರಿಗೆ. ಎರಡು ಹರಳು — ಮೂರಲ್ಲ, ಒಂದಲ್ಲ, ಮುಳ್ಳಿಲ್ಲ, ಗಾಜಿಲ್ಲ, ಮದುವೆಯಾಗಿ ಎರಡು ವರ್ಷ, ದಿನವೂ ಹೀಗೆಯೇ ಆಗುತ್ತಿತ್ತೇನೋ, ತಾನು ಊಟಕ್ಕೆ ಮಾತ್ರ ಬಂದು ಕೂತವನು. ಸಂಜೆ ಬಸ್ಸು ಎಷ್ಟು ಹೊತ್ತಿಗೆ, ಅವಳೇ ಕೇಳಿದಳು, ಬೆನ್ನು ಹಾಕಿಯೇ, ಆ ಹೂವಿಗೆ ಅಷ್ಟು ನೀರು ಚಿಮುಕಿಸಿ, ಬಾಡ್ತಿದೆ, ನಾಲ್ಕೂವರೆಗೆ ಎನ್ನಬೇಕು, ಗೊತ್ತಿದೆ, ಬಾಯಿ ತೆರೆದೇ ಇದೆ, ನಾಲ್ಕೂವರೆ, ಕಣ್ಣು ಅವಳ ಕೈಯನ್ನು ಬಿಡುತ್ತಿಲ್ಲ — ಸಡಿಲವಾದ ಬೆರಳು, ಎರಡು ಹರಳು, ಎರಡೇ ಎರಡು ಹರಳು